ಗೇಟಿನ ಕಮಾನಿಗೆ ಯಾವ ಹಬ್ಬು ಗುಲಾಬಿ?

ಪ್ರಶ್ನೆ, ಪುಣೆಯ ಬಾವಧನ್‌ನಿಂದ: ಗೇಟಿನ ಕಮಾನಿಗೂ ಪೂರ್ವದ ಗೋಡೆಗೂ ಹಬ್ಬು ಗುಲಾಬಿ ಹಾಕಬೇಕೆಂದಿದ್ದೇನೆ. ನರ್ಸರಿಯಲ್ಲಿ ಚಿತ್ರ ತೋರಿಸಿ ಎಲ್ಲವೂ ಬರುತ್ತದೆ ಎನ್ನುತ್ತಾರೆ. ಬೆಳೆಸಿದವರು ಹೇಳಿ, ಯಾವುದನ್ನು ತರಲಿ?

ಕೋಥ್ರೂಡ್‌ನಿಂದ: ಚಿತ್ರ ನೋಡಿ ಕೊಳ್ಳಬೇಡಿ ಅಕ್ಕಾ. ವಿಲಾಯಿತಿ ಚಿತ್ರಗಳಲ್ಲಿ ಇಡೀ ಮನೆಯನ್ನು ಮುಚ್ಚಿಕೊಂಡವು ಹೆಚ್ಚಾಗಿ ಉದ್ದುದ್ದ ಬಳುಕುವ ಟೊಂಗೆಗಳ ರ‍್ಯಾಂಬ್ಲರ್‌ಗಳು. ವರ್ಷಕ್ಕೊಮ್ಮೆ ಹೂ ಬಿಡುತ್ತವೆ, ಅದಕ್ಕೂ ಒಳ್ಳೆಯ ಚಳಿ ಬೇಕು; ಪುಣೆಯ ಚಳಿ ಅವಕ್ಕೆ ಸಾಲದು. ಗೋಡೆಗೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಡೆಲ್ಲಿ ವೈಟ್ ಪರ್ಲ್ ಹಾಕಿ, ನಮ್ಮ ಹವೆಯಲ್ಲೇ ಹುಟ್ಟಿದ ತಳಿ. ಕಮಾನಿಗೆ ನನ್ನ ಮತ ಮಾರೆಷಲ್ ನೀಲ್‌ಗೆ. 1864ರ ಫ್ರೆಂಚ್ ತಳಿಯಾದರೂ ಸೆಕೆಗೆ ಹೆದರುವುದಿಲ್ಲ. ತೊಟ್ಟು ಮೆತ್ತಗಿರುವುದರಿಂದ ಹಳದಿ ಹೂ ತಲೆ ತಗ್ಗಿಸುತ್ತದೆ. ಹೂದಾನಿಗೆ ಅದು ದೋಷ. ಕಮಾನಿನ ಕೆಳಗೆ ನಿಂತವರಿಗೆ ಮಾತ್ರ ಹೂವಿನ ಮುಖವೇ ಕಾಣುತ್ತದೆ. ಅವಸರವಿಲ್ಲದಿದ್ದರೆ ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನ ಪುಷ್ಪ ಪ್ರದರ್ಶನಕ್ಕೆ ಹೋಗಿ, ಬೆಳೆಗಾರರನ್ನು ಮಾತನಾಡಿಸಿ.

ಠಾಣೆಯಿಂದ: ಯಾವ ತಳಿಯಾದರೂ ಕಟ್ಟುವುದು ತಿಳಿದಿರಬೇಕು. ಗುಲಾಬಿ ತಾನಾಗಿ ಸುತ್ತಿಕೊಳ್ಳುವ ಬಳ್ಳಿಯಲ್ಲ. ನೆಟ್ಟಗೆ ಬಿಟ್ಟರೆ ತುದಿಯಲ್ಲಿ ನಾಲ್ಕು ಹೂ, ಅವೂ ಪಕ್ಕದ ಮನೆಯ ಮಹಡಿಯವರ ಪಾಲು. ಎಳೆಯ ಟೊಂಗೆಯನ್ನು ನಿಧಾನವಾಗಿ ಬಗ್ಗಿಸಿ ಅಡ್ಡಕ್ಕೆ ಕಟ್ಟಿದರೆ ತುದಿಯ ದರ್ಬಾರು ಮುಗಿದು, ಉದ್ದಕ್ಕೂ ಇರುವ ಕಣ್ಣುಗಳೆಲ್ಲ ಚಿಗುರುತ್ತವೆ. ಕಟ್ಟಲು ಹಳೆಯ ಹತ್ತಿ ಸೀರೆಯ ಪಟ್ಟಿ ಸಾಕು, ತಂತಿ ತೊಗಟೆಯನ್ನು ಕೊರೆಯುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಪಕ್ಕದ ರೆಂಬೆಗಳನ್ನು ಎರಡು ಮೂರು ಕಣ್ಣು ಉಳಿಸಿ ಕತ್ತರಿಸಿ. ಆರೋಗ್ಯವಾಗಿರುವ ಮುಖ್ಯ ಟೊಂಗೆಗಳಿಗೆ ಕತ್ತರಿ ತಾಗಿಸಬೇಡಿ. ಮಾಲಿ ಬಂದ ದಿನ ಪಕ್ಕದಲ್ಲೇ ನಿಂತಿರಿ!

ಔಂಧ್‌ನಿಂದ: ಒಂದೇ ತೊಟ್ಟಿನಲ್ಲಿ ಏಳೆಲೆ ಬಂದರೆ ಕಾಡುಗಿಡ, ಕಿತ್ತುಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಒಳ್ಳೆಯ ಹಬ್ಬು ಗುಲಾಬಿಗಳಲ್ಲೂ ಏಳೆಲೆ ಇರುತ್ತದೆ. ಬುಡದ ಮಣ್ಣು ಸರಿಸಿ ಕಸಿಯ ಗಂಟನ್ನು ನೋಡಿ. ಚಿಗುರು ಅದರ ಕೆಳಗಿನಿಂದ, ಅಂದರೆ ಕಸಿಗೆ ಬುಡವಾಗಿ ಬಳಸಿದ ಕಾಡುಗಿಡದಿಂದ, ಎದ್ದಿದ್ದರೆ ಮಾತ್ರ ಬುಡಸಮೇತ ಕಿತ್ತುಬಿಡಿ, ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಬರುತ್ತದೆ.

ಮಡಗಾಂವ್‌ನಿಂದ: ಮಕ್ಕಳು ಓಡಾಡುವ ಗೇಟು ಎಂದು ಮುಳ್ಳಿಲ್ಲದ ಜೆಫಿರಿನ್ ದ್ರೂಹಾನ್ ಕಡೆ ಮನಸ್ಸು ಹೋಗಬಹುದು. ಹೂ ಚೆಂದ, ಆದರೆ ಅದಕ್ಕೆ ಕಪ್ಪು ಚುಕ್ಕೆ ರೋಗ ಬಹಳ ಬೇಗ ಹತ್ತುತ್ತದೆ. ಎಲೆಯ ಮೇಲೆ ನೀರು ಗಂಟೆಗಟ್ಟಲೆ ನಿಂತರೆ ಬರುವ ಬೂಷ್ಟು ರೋಗ ಅದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಎಲೆ ಒಣಗುವುದಾದರೂ ಯಾವಾಗ? ನಿಮ್ಮಲ್ಲಿ ಮಳೆ ಕಡಿಮೆ, ಆದರೂ ಉದುರಿದ ಎಲೆಗಳನ್ನು ಗುಡಿಸಿ ತೆಗೆಯಿರಿ, ನೀರನ್ನು ಬುಡಕ್ಕಷ್ಟೇ ಹಾಕಿ. ಗೋಡೆಯಿಂದ ಅರ್ಧ ಗೇಣು ಮುಂದಕ್ಕೆ ತಂತಿ ಎಳೆದು ಟೊಂಗೆಗಳನ್ನು ಅದಕ್ಕೆ ಆನಿಸಿದರೆ ಹಿಂದಿನಿಂದಲೂ ಗಾಳಿ ಆಡುತ್ತದೆ.