ಬದನೆ ಬಾಡಿದ ಸಾಲಲ್ಲಿ ಮುಂದೆ ಎಂತ ಹಾಕುದು?

ನೀರ್ಚಾಲು_ಹಿತ್ತಿಲು:
ನಮಸ್ಕಾರ ಎಲ್ರಿಗೂ. ಮನೆ ಹಿಂದೆ ಗುಡ್ಡೆ ಬದಿಯಲ್ಲಿ 3 ಸೆಂಟ್ಸ್ ಜಾಗ ಉಂಟು, ಮುರಕಲ್ಲಿನ ಮಣ್ಣು, ಮೇಲಿಂದ ಕೆಳಗೆ ನಾಲ್ಕು ಸಾಲು. ಹೋದ ವರ್ಷ ಒಂದು ಸಾಲಲ್ಲಿ ಬದನೆ ಬಾಡಿ ಸತ್ತಿತ್ತು, ಬೆಳೆ ಬದಲಿಸ್ಬೇಕು ಅಂತ ಹೇಳ್ತಾರಲ್ಲ, ಹಾಗೆ ಈ ಸಲ ಅಲ್ಲಿ ಟೊಮೆಟೊ ಹಾಕಿದೆ. ಹೂ ಬಿಡುವ ಹೊತ್ತಿಗೆ ಗಿಡ ಹಸುರಾಗಿದ್ದ ಹಾಗೆಯೇ ಜೋತು ಬಿತ್ತು, ನೀರು ಸಾಕಾಗ್ಲಿಲ್ಲ ಅಂತ ಅಮ್ಮ ಎರಡು ಕೊಡಪಾನ ಜಾಸ್ತಿ ಹೊಯ್ದರು, ನಾಲ್ಕೇ ದಿನದಲ್ಲಿ ಹನ್ನೊಂದು ಗಿಡ ಹೋಯ್ತು. ಒಂದೆಲೆ ಸಹ ಹಳದಿ ಆಗಿರ್ಲಿಲ್ಲ. ಇನ್ನು ಅಲ್ಲಿ ಕಾಯಿಮೆಣಸು, ಮತ್ತೆ ಬೆಂಡೆ, ಅಲಸಂಡೆ ಅಂತ ಪ್ಲಾನ್. ಸರಿ ಉಂಟಾ?

ಕುದನೆಕಾಯಿ:
ಮೆಣಸು ಮಾತ್ರ ಬೇಡ ಮಾರಾಯ್ರೆ. ಬದನೆ, ಟೊಮೆಟೊ, ಮೆಣಸು ಮೂರೂ ಒಂದೇ ಕುಟುಂಬ, ನೀವು ಬೆಳೆ ಬದಲಿಸಿದ ಹಾಗೆ ಕಂಡರೂ ಮಣ್ಣಲ್ಲಿರುವ ರೋಗಕ್ಕೆ ಅದೇ ಊಟ ಸಿಕ್ತು. ಹಸುರಾಗಿಯೇ ಬಾಡಿದ್ದು ನೋಡಿದ್ರೆ ಬ್ಯಾಕ್ಟೀರಿಯಾ ಸೊರಗು ರೋಗ ಅಂತ ಕಾಣ್ತದೆ. ಒಂದು ಕೆಲಸ ಮಾಡಿ, ಈಗಷ್ಟೇ ಬಾಡಿದ ಗಿಡದ ಬುಡದಿಂದ ಒಂದು ಗೇಣು ದಂಟು ಕೊಯ್ದು ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಅಲುಗಾಡಿಸದೆ ಹಿಡೀರಿ, ಕೊಯ್ದಲ್ಲಿಂದ ಹಾಲಿನ ನೂಲಿನ ಹಾಗೆ ಬೆಳ್ಳಗೆ ಇಳಿದರೆ ಅದೇ. ಹಾಗಿದ್ರೆ ಶುಂಠಿ ಸಹ ಆ ಸಾಲಿಗೆ ಬೇಡ, ಅದಕ್ಕೂ ಇದೇ ತರದ ಸೊರಗು ಬರ್ತದೆ.

ಪೆರ್ಲದ_ತೋಟ:
ಸಾಲು ಯಾವ ಎತ್ತರದಲ್ಲಿ ಉಂಟು ಅಂತ ಯಾರೂ ಕೇಳ್ಲಿಲ್ಲ. ನಮ್ಮಲ್ಲಿ ಬದನೆ ಮೇಲಿನ ಸಾಲಲ್ಲಿತ್ತು, ಅಲ್ಲಿಂದ ಕಣಿಯ ನೀರು ಸೀದಾ ಕೆಳಗಿನ ಸಾಲುಗಳಿಗೆ, ಪ್ರತಿ ವರ್ಷ ಪುಸ್ತಕದಲ್ಲಿ ಬರೆದಿಟ್ಟು ಸಾಲು ಬದಲಿಸಿದ್ದೇ ಬಂತು, ರೋಗ ನಮಗಿಂತ ಮೊದಲೇ ಕೆಳಗೆ ಹೋಗಿ ಕೂತಿರ್ತಿತ್ತು, ನಂಗೆ ಅದು ಗೊತ್ತಾಗ್ಲಿಕ್ಕೆ ಮೂರು ವರ್ಷ ಹಿಡೀತು. ಮೊದಲು ಕೆಟ್ಟ ಸಾಲಿನ ಕಣಿಯನ್ನು ಹೊರಗೆ ತಿರುಗಿಸಿ. ಸತ್ತ ಗಿಡ ಬೇರು ಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕ್ಬೇಡಿ, ಹಾರೆ ತೊಳೆಯದೆ ಬೇರೆ ಸಾಲಿಗೆ ಇಳೀಬೇಡಿ.

ಮುಳ್ಳೇರಿಯ_ಅಕ್ಕ:
ಮಳೆ ಬಿಟ್ಟ ಮೇಲೆ ಆ ಸಾಲಿಗೆ ಅಲಸಂಡೆ ಹಾಕಿ, ಅದು ಮುಗಿದ ಮೇಲೆ ಬೇರು ಕೀಳದೆ ಬುಡ ಮಾತ್ರ ಕೊಯ್ಯಿರಿ, ಬೇರಿನ ಗಂಟಲ್ಲಿರುವ ಸಾರಜನಕ ಮಣ್ಣಿಗೇ ಸೇರ್ಲಿ. ಮತ್ತೆ ಸೌತೆ ಅಥವಾ ಹೀರೆ, ಕೊನೆಗೆ ಹರಿವೆ. ಬೆಂಡೆ ಹಾಕುವ ಮೊದಲು ಹಳೇ ಬೇರು ಒಂದೆರಡು ಕಿತ್ತು ನೋಡಿ, ಅಲಸಂಡೆಯ ಒಳ್ಳೆ ಗಂಟು ಉಗುರಲ್ಲಿ ಒತ್ತಿದ್ರೆ ಕಳಚಿ ಬರ್ತದೆ, ಬೇರು ತಾನೇ ಊದಿಕೊಂಡ ಹಾಗಿದ್ರೆ ಅದು ಮಣ್ಣಿನ ಜಂತುಹುಳದ್ದು (ನೆಮಟೋಡ್), ಅಂಥ ಕಡೆ ಬೆಂಡೆ ಏಳುದಿಲ್ಲ, ಚೆಂಡುಹೂ ಹಾಕುದು ಒಳ್ಳೇದು. ನಮ್ಮ ಮಣ್ಣು ಹುಳಿ, ಸುಣ್ಣ ಬೇಕೇ ಬೇಕು, ಆದ್ರೆ ಹಟ್ಟಿಗೊಬ್ಬರದ ಜೊತೆ ಒಟ್ಟಿಗೆ ಹಾಕ್ಬೇಡಿ, ಎರಡು ವಾರ ಬಿಟ್ಟು ಹಾಕಿ.

ನೀರ್ಚಾಲು_ಹಿತ್ತಿಲು:
ಲೋಟದಲ್ಲಿ ನೋಡಿದೆ, ಎರಡು ನಿಮಿಷ ಆಗುವ ಮೊದಲೇ ಬೆಳ್ಳಗೆ ಇಳೀತು, ಅಮ್ಮನನ್ನೂ ಕರೆದು ತೋರಿಸಿದೆ. ಕೆಟ್ಟದ್ದು ಮೇಲಿಂದ ಎರಡನೇ ಸಾಲು, ನಾಳೆ ಕಣಿ ತಿರುಗಿಸ್ತೇನೆ. ಆದ್ರೆ ಅಮ್ಮನಿಗೆ ಬದನೆ ಇಲ್ಲದೆ ಆಗುದಿಲ್ಲ. ಎಷ್ಟು ವರ್ಷ ಕಾಯ್ಬೇಕು?

ಕುದನೆಕಾಯಿ:
ಆ ರೋಗ ಮಣ್ಣಲ್ಲಿ ವರ್ಷಗಟ್ಟಲೆ ಉಳೀತದೆ, ನಾಲ್ಕು ಸಾಲಿನ ತಿರುಗಾಟದಲ್ಲಿ ಪೂರ್ತಿ ಹೋಗುದು ಕಷ್ಟ. ಹಾಗಂತ ಬದನೆ ಬಿಡ್ಬೇಕಾಗಿಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ, ಹರಿತ ಬದನೆ ಸೊರಗು ತಡೀತದೆ, ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ, ಮೆಣಸಲ್ಲಿ ಉಜ್ವಲ, ಅನುಗ್ರಹ. ಎಲ್ಲಕ್ಕೂ ಕೆಳಗಿನ ಸಾಲಿಗೆ ಅದನ್ನೇ ಹಾಕಿ. ಇಲ್ಲದಿದ್ರೆ ಕುದನೆ (ಈ ಸೊರಗು ತಡೆಯುವ ಕಾಡು ಬದನೆ, ಸುಂಡೆಕಾಯಿ ಗಿಡ) ಬುಡಕ್ಕೆ ಬದನೆ ಕಸಿ ಕಟ್ಟಿ. ಕುದನೆ ಬೀಜ ಮೊಳೆಯುದು ನಿಧಾನ, ಅದನ್ನು ಮೊದಲೇ ಹಾಕಿ ಆಮೇಲೆ ಬದನೆ ಬೀಜ ಹಾಕಿ, ಆಗ ಎರಡರ ದಂಟೂ ಒಂದೇ ದಪ್ಪ ಸಿಕ್ತದೆ. ನೆಡುವಾಗ ಕಸಿ ಕಟ್ಟಿದ ಜಾಗ ಮಣ್ಣಿಗೆ ತಾಗ್ಬಾರ್ದು, ತಾಗಿದ್ರೆ ಬದನೆಯೇ ಅಲ್ಲಿಂದ ಬೇರು ಬಿಡ್ತದೆ, ಮತ್ತೆ ಅದೇ ಕಥೆ. ಕೆಳಗಿಂದ ಕುದನೆ ಚಿಗುರು ಬಂದ್ರೆ ಕಂಡ ಕೂಡಲೇ ಚಿವುಟಿ.