ಸ್ಟೇಜಿನವರ ಕೈಯಲ್ಲಿ ಅದೇ ಗಿಟಾರ್ ಯಾಕೆ? ರಿಪೇರಿಯವರನ್ನು ಕೇಳಿ

ಮಂಜೇಶ್ವರದಿಂದ: ಅಣ್ಣಾ, ದೊಡ್ಡ ಕಾರ್ಯಕ್ರಮಗಳಲ್ಲಿ ಬರೀ ಫೆಂಡರ್, ಗಿಬ್ಸನ್, ಟೇಲರ್. ಸ್ವರ ಅಷ್ಟು ಚಂದವಾ, ಇಲ್ಲ ಕಂಪನಿಯವರು ಸುಮ್ನೆ ಕೊಡ್ತಾರಾ?

ರಿಪೇರಿಯವರು: ಹೆಸರು ಮಾಡಿದ ಕೆಲವರಿಗೆ ಪುಕ್ಕಟೆ ಅಥವಾ ಕಡಿಮೆ ಬೆಲೆಗೆ ಸಿಗುತ್ತದೆ, ನಿಜ. ಆದರೆ ಊರೂರು ತಿರುಗುವವರಿಗೆ ಬೇಕಾದ್ದು ಕೈಕೊಡದ ಗಿಟಾರ್. 1954ರಲ್ಲಿ ಬಂದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್‌ನ ಕುತ್ತಿಗೆಯನ್ನು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ಟೇಲರ್‌ನ ಹೆಚ್ಚಿನ ಸ್ಟೇಜ್ ಮಾಡೆಲ್‌ಗಳಲ್ಲಿ ಪಿಕಪ್ (ತಂತಿಯ ಸ್ವರ ಹಿಡಿದು ಸ್ಪೀಕರಿಗೆ ಕಳಿಸುವ ಭಾಗ) ಕಂಪನಿಯೇ ಕೂರಿಸಿರುತ್ತದೆ. ವಯರ್ ಚುಚ್ಚಿದರೆ ಆಯ್ತು.

ಉಪ್ಪಳದಿಂದ: ಅಣ್ಣಾ, ನನ್ನ ಅಕೌಸ್ಟಿಕ್‌ನ ಬ್ರಿಡ್ಜ್ (ತಂತಿ ಸಿಕ್ಕಿಸುವ ಮರದ ಪಟ್ಟಿ) ಹಿಂದುಗಡೆ ಎದ್ದಿದೆ. ಶನಿವಾರ ಗಾನಮೇಳ. ಫಾರ್ವರ್ಡ್ ನೋಡಿ ಬಿಸಿಲಿಗಿಟ್ಟೆ. ಸೂಪರ್ ಗ್ಲೂ ಹಾಕಲಾ?

ರಿಪೇರಿಯವರು: ಬೇಡ! ಮೊದಲು ಒಳಗೆ ತನ್ನಿ, ಆರೂ ತಂತಿ ಸಡಿಲ ಮಾಡಿ. ಎಲ್ಲ ಸೇರಿ ಸುಮಾರು 70 ಕಿಲೋ ಎಳೆಯುತ್ತವೆ. ಬ್ರಿಡ್ಜ್ ಕಿತ್ತು ಬಂದರೆ ಮೇಲಿನ ಹಲಗೆಯ ಸಿಬಿರೂ ಜೊತೆಗೇ ಬರುತ್ತದೆ. ಬಿಸಿಲಿಗೆ ಒಳಗಿನ ಗಮ್ ಮೆತ್ತಗಾಗುತ್ತದೆ. ಸಂದಿಗೆ ಸೂಪರ್ ಗ್ಲೂ ಸುರಿದರೆ ಅದು ಅಂಚಿನಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ನಾನು ಅದನ್ನೆಲ್ಲ ಕೆರೆದು ತೆಗೆಯಬೇಕು. ನಮ್ಮ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 80 ದಾಟುತ್ತದೆ. ಗಿಟಾರಿಗೆ ಹಿತ 45ರಿಂದ 55. ಮರ ತೇವ ಕುಡಿದು ಉಬ್ಬಿದಾಗ ಬ್ರಿಡ್ಜ್ ಏಳುತ್ತದೆ. ಒಂದು ಕಾಗದ ಸಂದಿಗೆ ತೂರಿಸಿ, ಎಷ್ಟು ಒಳಗೆ ಹೋಗುತ್ತದೆ ಹೇಳಿ.

ಕುಂಬಳೆಯಿಂದ: ಯಾವ ಬ್ರ್ಯಾಂಡ್ ಒಳ್ಳೆಯದು?

ರಿಪೇರಿಯವರು: ಮೇಲೆ ಓದಿ.

ಕಾಸರಗೋಡಿನಿಂದ: ಗಿಬ್ಸನ್ ಮುಂದೆ ಫೆಂಡರ್ ಎಲ್ಲಿಯ ಲೆಕ್ಕ? ಲೈಟಿನ ಹತ್ತಿರ ಹೋದರೆ ಗುಂಯ್ ಅನ್ನುತ್ತದೆ.

ಪೆರ್ಲದಿಂದ: ನಿಮ್ಮ ಗಿಬ್ಸನ್ ಲೆಸ್ ಪಾಲ್ ಒಮ್ಮೆ ಬೀಳಲಿ, ತಲೆ ಮುರಿಯುತ್ತದೆ. ಆಗ ಮಾತಾಡಿ ಮಾರಾಯ್ರೇ.

ಕಾಸರಗೋಡಿನಿಂದ: ನೀವು ಮುಟ್ಟಿ ನೋಡಿದ್ದೀರಾ?

ಪೆರ್ಲದಿಂದ: ನೀವು ಕೊಂಡಿದ್ದೀರಾ?

ರಿಪೇರಿಯವರು: ಇಬ್ಬರು ಹೇಳಿದ್ದೂ ಸರಿ. ಫೆಂಡರ್‌ನ ಪಿಕಪ್ಪಿನಲ್ಲಿರುವ ಒಂಟಿ ಕಾಯಿಲ್ (ಸುತ್ತಿದ ತಂತಿಯ ಸುರುಳಿ) ಕರೆಂಟಿನ ಗುಂಯ್ ಹಿಡಿಯುತ್ತದೆ. ಗಿಬ್ಸನ್‌ನ ಹಂಬಕರ್ ಪಿಕಪ್‌ನಲ್ಲಿ ಎರಡು ಕಾಯಿಲ್, ಒಂದರ ಗುಂಯ್ ಇನ್ನೊಂದು ಅಳಿಸುತ್ತದೆ. ಲೆಸ್ ಪಾಲ್‌ನ ತಲೆ ಹಿಂದಕ್ಕೆ ಬಾಗಿದೆ, ಆ ಜಾಗದಲ್ಲಿ ಮರ ತೆಳು. ಜಗಳ ಸಾಕು.

ನೀಲೇಶ್ವರದಿಂದ: ಎಡಗೈಯವರು ತಂತಿ ತಿರುವಿ ಹಾಕಿದರೆ ಸಾಕಾ?

ಬದಿಯಡ್ಕದಿಂದ: ಪೆಟ್ಟಿಗೆಯಲ್ಲಿ ಅಕ್ಕಿ, ತಂತಿಗೆ ತೆಂಗಿನೆಣ್ಣೆ. ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಕಳಿಸಿ.

ರಿಪೇರಿಯವರು: ಯಾರಿಗೂ ಕಳಿಸಬೇಡಿ! ಅಕ್ಕಿಗೆ ಹುಳ ಬರುತ್ತದೆ. ಎಣ್ಣೆಗೆ ಧೂಳು ಮೆತ್ತಿ ತಂತಿಯ ಸ್ವರ ಸಾಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇಡಿ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ.

ಬದಿಯಡ್ಕದಿಂದ: ಒಳ್ಳೆಯದಕ್ಕೆ ಹೇಳಿದರೆ ಬೈಗುಳವಾ?

ಕುಂಬಳೆಯಿಂದ: ಹತ್ತು ಸಾವಿರದೊಳಗೆ ಯಾವ ಬ್ರ್ಯಾಂಡ್?

ರಿಪೇರಿಯವರು: ಅಂಗಡಿಗೆ ಹೋಗಿ ನುಡಿಸಿ ನೋಡಿ. ಉಪ್ಪಳದವರೇ, ಎಲ್ಲಿದ್ದೀರಿ?

ಉಪ್ಪಳದಿಂದ: ತಂತಿ ಸಡಿಲ ಮಾಡಿದೆ. ಕಾಗದ ಅರ್ಧ ಇಂಚು ಹೋಗುತ್ತದೆ.

ರಿಪೇರಿಯವರು: ಹಾಗಾದರೆ ಬ್ರಿಡ್ಜ್ ಪೂರ್ತಿ ಬಿಚ್ಚಿ, ಮರ ಉಜ್ಜಿ, ಗಮ್ ಹಾಕಿ ಕ್ಲ್ಯಾಂಪ್ ಬಿಗಿಯಬೇಕು. ಶನಿವಾರಕ್ಕೆ ಆಗುವುದಿಲ್ಲ. ಯಾರಲ್ಲಾದರೂ ಗಿಟಾರ್ ಕೇಳಿ ತನ್ನಿ, ಪ್ಲೈ ಹಲಗೆಯದ್ದಾದರೂ ಪರವಾಗಿಲ್ಲ, ಮಳೆಗೆ ಅದೇ ಜಾಸ್ತಿ ತಡೆಯುತ್ತದೆ. ನಿಮ್ಮದನ್ನು ನಾಳೆ ಬೆಳಿಗ್ಗೆ ನನಗೆ ತಲುಪಿಸಿ.