ಅಪ್‌ಡೇಟ್: ಹೊರಗಿನಿಂದ ರೂಟರ್ ಪೇಜ್ ಕೊನೆಗೂ ತೆರೆಯಿತು

ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ಸೆಟ್ಟಿಂಗ್ಸ್ ತೆರೆಯಲು ಬಿಡುವ ಆಯ್ಕೆ) ಆನ್ ಇದ್ದರೂ ಮನೆಯ ರೂಟರ್‌ನ ಸೆಟ್ಟಿಂಗ್ಸ್ ಪೇಜ್ ಹೊರಗಿನಿಂದ ತೆರೆಯುತ್ತಿಲ್ಲ ಎಂದು ಹೋದ ವಾರ ಕೇಳಿದ್ದೆ ಅಲ್ವಾ? ಪೋರ್ಟ್ ಬದಲಿಸಿದೆ, ಡಿಡಿಎನ್‌ಎಸ್ (ಐಪಿ ಬದಲಾದರೂ ಒಂದೇ ಹೆಸರಿನಲ್ಲಿ ಮನೆಯ ನೆಟ್ ಸಿಗುವಂತೆ ಮಾಡುವ ಸೇವೆ) ಹಾಕಿದೆ. ಏನೂ ಆಗಲಿಲ್ಲ. ಫರ್ಮ್‌ವೇರ್‌ಗೆ (ರೂಟರ್ ಒಳಗಿನ ಸಾಫ್ಟ್‌ವೇರ್) ಸುಮ್ನೆ ಒಂದು ಸಂಜೆ ಹೋಯಿತು.

ಕೆಲಸಕ್ಕೆ ಬಂದದ್ದು 'ವ್ಯಾನ್ ಐಪಿ (ಇಂಟರ್ನೆಟ್ ಕಡೆಯಿಂದ ರೂಟರ್‌ಗೆ ಸಿಕ್ಕ ವಿಳಾಸ) ನೋಡಿ' ಎಂದವರ ಮಾತು. ರೂಟರ್‌ನಲ್ಲಿ ಇದ್ದದ್ದು 100.72ರಿಂದ ಶುರುವಾಗುವ ಐಪಿ, ಹೊರಗೆ ಕಾಣುವುದು ಬೇರೆಯೇ! 100.64ರಿಂದ 100.127ರವರೆಗಿನದು ಸಿಜಿನ್ಯಾಟ್‌ಗೆ ಮೀಸಲಂತೆ. ಅಂದರೆ ಇಂಟರ್ನೆಟ್ ಕಂಪನಿಯ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಹೊರಗಿನ ಸಂಪರ್ಕ ನನ್ನ ರೂಟರ್‌ವರೆಗೆ ಬರುವುದೇ ಇಲ್ಲ.

ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಟೇಲ್‌ಸ್ಕೇಲ್ (ನಮ್ಮ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ವಿಪಿಎನ್ ಆ್ಯಪ್) ಹಾಕಿ ಸಬ್‌ನೆಟ್ ರೂಟ್ (ಅದರ ಮೂಲಕ ಮನೆಯ ನೆಟ್‌ವರ್ಕ್‌ಗೆ ದಾರಿ) ಕೊಟ್ಟೆ. ಈಗ ಮೊಬೈಲ್ ಡೇಟಾದಲ್ಲೂ ರೂಟರ್ ಪೇಜ್ ಇರುವ 192.168.1.1 ತೆರೆಯುತ್ತದೆ. ಆ ರೂಟನ್ನು ಟೇಲ್‌ಸ್ಕೇಲ್‌ನ ಅಡ್ಮಿನ್ ಕನ್ಸೋಲ್‌ನಲ್ಲಿ ಅಪ್ರೂವ್ ಮಾಡಲು ಮರೆತು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ, ನೀವು ಮರೆಯಬೇಡಿ. ಇನ್ನು ಬೇಕಿಲ್ಲವಾದ್ದರಿಂದ ರಿಮೋಟ್ ಮ್ಯಾನೇಜ್‌ಮೆಂಟ್ ಈಗ ಆಫ್.